ಉಡುಪಿಯಲ್ಲಿ ಐದು ಗೆಳೆಯರು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್ (ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ನಡೆಸುವ ಆಟ) ಶುರು ಮಾಡಬೇಕೆಂದಿದ್ದೇವೆ. ಯಾವ ನಿಯಮ ಪದ್ಧತಿ ಒಳ್ಳೆಯದು?

ನಿಮಗೆ ಲೆಕ್ಕ ಹಾಕಿ ಹೊಡೆದಾಡುವುದು ಇಷ್ಟವಾ, ಕಥೆ ಕಟ್ಟುವುದು ಇಷ್ಟವಾ? ಅದರ ಮೇಲೆ ಹೋಗುತ್ತದೆ.

ಒಂದು ಸನ್ನಿವೇಶ ತಗೊಳ್ಳಿ. ಕಾಪು ದೀಪಸ್ತಂಭದ ಬಂಡೆ, ಮಳೆಗೆ ಪಾಚಿ ಕಟ್ಟಿದೆ. ನಿಮ್ಮ ಪಾತ್ರ ಅದನ್ನು ಹತ್ತಬೇಕು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪದ್ಧತಿಯಲ್ಲಿ 20 ಮುಖದ ದಾಳ ಹಾಕಿ, ಪಾತ್ರದ ಬಲ ಕೂಡಿಸುತ್ತೀರಿ. ಗೇಮ್ ನಡೆಸುವವರು ಇಟ್ಟ ಸಂಖ್ಯೆ, 15 ಅಂತಿಟ್ಟುಕೊಳ್ಳಿ, ಮುಟ್ಟಿದರೆ ಹತ್ತಿದಿರಿ. ಇಲ್ಲವಾದರೆ ಇಲ್ಲ.

ಡಂಜನ್ ವರ್ಲ್ಡ್ ಎಂಬ ಇನ್ನೊಂದು ಪದ್ಧತಿಯಲ್ಲಿ ಇದೇ ಬಂಡೆ ಹತ್ತುವುದಕ್ಕೆ ಮಾಮೂಲಿ ದಾಳ ಎರಡು ಸಾಕು, ಲೂಡೋ ಡಬ್ಬಿಯದ್ದೇ ಆದೀತು. ಪಾತ್ರದ ಬಲ ಕೂಡಿಸಿ ಒಟ್ಟು 10 ಅಥವಾ ಜಾಸ್ತಿ ಬಂದರೆ ಸಲೀಸು. ಮಜಾ ಇರುವುದು 7ರಿಂದ 9ರಲ್ಲಿ: ಹತ್ತುತ್ತೀರಿ, ಆದರೆ ಕತ್ತಿ ಜಾರಿ ಸಮುದ್ರಕ್ಕೆ! ಇನ್ನು ಅದನ್ನು ಹುಡುಕುವುದೇ ಒಂದು ಕಥೆ.

ಮೂರನೇ ಪದ್ಧತಿ, ಪಾತ್‌ಫೈಂಡರ್ ಎರಡನೇ ಆವೃತ್ತಿ (2019), ಲೆಕ್ಕದ ಹುಚ್ಚಿರುವವರಿಗೆ. ಯುದ್ಧದಲ್ಲಿ ಸರದಿಗೆ ಮೂರು ಆಕ್ಷನ್, ಅಂದರೆ ಮೂರು ಕೆಲಸ ಮಾಡಬಹುದು. ನಿಯಮಗಳು ಆನ್‌ಲೈನ್‌ನಲ್ಲಿ ಉಚಿತ, ಆದರೆ ಓದುವುದು ಸಿಕ್ಕಾಪಟ್ಟೆ ಇದೆ.

ಪರೀಕ್ಷೆ ಬಂದ ಕೂಡಲೇ ಇಬ್ಬರು ಮಾಯವಾಗುವ ಮಣಿಪಾಲದ ಹಾಸ್ಟೆಲ್ ಗುಂಪಾದರೆ, ಸುಮ್ನೆ ಡಂಜನ್ ವರ್ಲ್ಡ್ ಹಿಡಿಯಿರಿ. ಪ್ರತಿ ಭಾನುವಾರ ತಪ್ಪದೆ ಸೇರುವವರಾದರೆ ಡಂಜನ್ಸ್ ಅಂಡ್ ಡ್ರಾಗನ್ಸ್. ಅದರ ಮೂಲ ನಿಯಮಗಳೂ ಉಚಿತವಾಗಿ ಸಿಗುತ್ತವೆ.