ಟ್ರೇಲರ್ ಮನೆ ಸೇರಿದ ಮೇಲೆ: ಮೊದಲು ಹಬ್ ಬಿಸಿ ನೋಡಿ, ಆಮೇಲೆ ಬ್ಯಾಗ್ ಇಳಿಸಿ

ನಮಸ್ಕಾರ ಸರ್. ಮೂರು ತಿಂಗಳು ಇಬ್ಬರೂ ಸುತ್ತಾಡಿ ನಾಳೆ ಮನೆ ತಲುಪುತ್ತೀರಿ, ಇನ್ನು ನಾಲ್ಕೈದು ತಿಂಗಳು ಟ್ರೇಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ನಿಮ್ಮ ಗಾಲಿಮನೆ) ನಿಂತೇ ಇರುತ್ತದೆ, ಯಾವ ಕೆಲಸ ಮೊದಲು ಎಂದು ಕೇಳಿದ್ದೀರಿ. ಓಡುವಾಗ ಆದ ಹಾನಿ ಕಣ್ಣಿಗೆ, ಕಿವಿಗೆ ಗೊತ್ತಾಗುತ್ತದೆ. ನಿಂತಲ್ಲೇ ಆಗುವ ಹಾನಿ ಗೊತ್ತಾಗುವುದು ಮುಂದಿನ ಪ್ರಯಾಣದ ಹಿಂದಿನ ದಿನ. ಹಾಗಾಗಿ ಬಿಸಿ ಆರುವ ಮುನ್ನ ನೋಡಬೇಕಾದ್ದು ಮೊದಲು, ನೀರಿನ ಕೆಲಸ ಅದರ ಹಿಂದೆಯೇ, ಉಳಿದದ್ದು ವಾರದೊಳಗೆ.

ಮನೆ ಮುಂದೆ ನಿಲ್ಲಿಸಿದ ತಕ್ಷಣ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಅಡ್ಡ ಕೊಡದೆ ಹುಕ್ ಬಿಚ್ಚಲೇಬೇಡಿ. ಆಮೇಲೆ ಪ್ರತಿ ಹಬ್, ಅಂದರೆ ಗಾಲಿಯ ನಟ್ಟನಡುವಿನ ಭಾಗದ ಹತ್ತಿರ ಅಂಗೈ ಹಿಂಭಾಗ ತಂದು ನೋಡಿ. ಮುಟ್ಟದೆ ಅಳೆಯುವ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಅಂಕಿಗಿಂತ ಹೋಲಿಕೆ ಮುಖ್ಯ. ಬಿಸಿಲು ಬಿದ್ದ ಬದಿ ಸ್ವಲ್ಪ ಹೆಚ್ಚು ಬೆಚ್ಚಗಿರುತ್ತದೆ, ಅದು ಸಹಜ. ಒಂದೇ ಒಂದು ಹಬ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಸುಡುತ್ತಿದ್ದರೆ ಅದರೊಳಗಿನ ಬೇರಿಂಗ್ (ಗಾಲಿ ಸಲೀಸಾಗಿ ತಿರುಗಲು ಇರುವ ಉರುಳೆಗಳ ಬಳೆ) ಹೋಗುತ್ತಿದೆ, ಇಲ್ಲವೇ ಆ ಗಾಲಿಯ ಬ್ರೇಕ್ ಹಿಡಿದುಕೊಂಡಿದೆ. ನಾಲ್ಕೂ ಒಂದೇ ಸಮ ಸುಡುತ್ತಿದ್ದರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕೆಂದು ಹೊಂದಿಸುವ ಬ್ರೇಕ್ ಕಂಟ್ರೋಲರ್ ಅಗತ್ಯಕ್ಕಿಂತ ಜೋರಾಗಿದೆಯೇ ನೋಡಿ. ಅರ್ಧ ಗಂಟೆ ಕಳೆದರೆ ಈ ಸುಳಿವು ಆರಿಹೋಗುತ್ತದೆ. ಬಿಸಿಯಾದ ಗಾಲಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ.

ನೀವು ಹೊರಗೆ ಇದನ್ನು ನೋಡುವಷ್ಟರಲ್ಲಿ ಮನೆಯವರು ಒಳಗಿನ ಕೆಲಸ ಶುರುಮಾಡಬಹುದು. ತಿನ್ನುವ ವಸ್ತು ಒಂದೂ ಉಳಿಯಬಾರದು. ಬಿಸ್ಕತ್ತಿನ ಪುಡಿ ಇದ್ದರೂ ಇಲಿ ಬರುತ್ತದೆ, ಬಂದದ್ದು ವೈರ್ ಕಡಿಯುತ್ತದೆ. ಫ್ರಿಜ್ ಆಫ್ ಮಾಡಿ, ಮಂಜು ತಾನಾಗಿ ಕರಗಲು ಬಿಡಿ, ಚಾಕುವಿನಿಂದ ಕೆರೆಯಬೇಡಿ. ಒಳಗೆಲ್ಲ ಒರೆಸಿ ಬಾಗಿಲ ಸಂದಿಗೆ ಮಡಚಿದ ಟವೆಲ್ ಸಿಕ್ಕಿಸಿ ತೆರೆದೇ ಬಿಡಿ. ಮುಚ್ಚಿಟ್ಟ ಫ್ರಿಜ್‌ನಲ್ಲಿ ಬೂಸಲು ಬಂದರೆ ಆ ವಾಸನೆ ಹೋಗುವುದು ಬಲು ಕಷ್ಟ. ಪ್ರವಾಸದುದ್ದಕ್ಕೂ ಒಮ್ಮೆಯೂ ಮುಟ್ಟದ ಸಾಮಾನನ್ನು ಅದೇ ದಿನ ಇಬ್ಬರೂ ಸೇರಿ ಬೇರೆ ರಾಶಿ ಹಾಕಿ. ನೆನಪು ಹಸಿಯಾಗಿರುವಾಗ ಮಾತ್ರ ಈ ಲೆಕ್ಕ ಸರಿಯಾಗಿ ಸಿಗುತ್ತದೆ.

ಶೌಚದ ಟ್ಯಾಂಕನ್ನು ಹಾದಿಯ ಕೊನೆಯ ತಂಗುದಾಣದಲ್ಲೇ ಖಾಲಿ ಮಾಡಿ ಬನ್ನಿ. ಮೊದಲು ಶೌಚದ್ದು, ಆಮೇಲೆ ಸ್ನಾನ-ಪಾತ್ರೆಯ ನೀರಿನದು. ಎರಡನೆಯದು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಟ್ಯಾಂಕ್ ಮೂರರಲ್ಲಿ ಎರಡು ಭಾಗವಾದರೂ ತುಂಬಿದ್ದರೆ ರಭಸಕ್ಕೆ ಗಟ್ಟಿ ಭಾಗವೂ ಹೊರಡುತ್ತದೆ. ಕಡಿಮೆ ಇದ್ದರೆ ನೀರು ಸೇರಿಸಿಯೇ ವಾಲ್ವ್ ತೆರೆಯಿರಿ. ತಿಳಿನೀರು ಬರುವವರೆಗೂ ತೊಳೆಯಿರಿ.

ಗೀಸರ್ ವಿಷಯದಲ್ಲಿ ಅವಸರ ಬೇಡ. ಗ್ಯಾಸ್, ಕರೆಂಟ್ ಎರಡನ್ನೂ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಪಂಪ್ ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ನೀರು ಬಸಿಯುವ ಕೆಳಗಿನ ಪ್ಲಗ್ (ಬಿರಡೆ) ಬಿಚ್ಚಿ. ಒತ್ತಡ ಇದ್ದಾಗ ಬಿಚ್ಚಿದರೆ ಕುದಿನೀರು ಮುಖಕ್ಕೆ ಬರುತ್ತದೆ. ಉಕ್ಕಿನ ಟ್ಯಾಂಕ್ ಆದರೆ ಪ್ಲಗ್ ಜೊತೆ ಆನೋಡ್ ರಾಡ್ ಬರುತ್ತದೆ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದು ಹಾಕಿ. ಸವೆಯುವುದೇ ಅದರ ಕೆಲಸ: ಟ್ಯಾಂಕಿನ ಬದಲು ತಾನು ಕರಗುತ್ತದೆ. ಅಲ್ಯೂಮಿನಿಯಂ ಟ್ಯಾಂಕಿನ ಗೀಸರ್‌ಗಳಲ್ಲಿ ಈ ರಾಡ್ ಇರುವುದಿಲ್ಲ, ಅವಕ್ಕೆ ಹಾಕಲೂ ಬಾರದು. ಖಾಲಿ ಗೀಸರ್‌ಗೆ ಅಪ್ಪಿತಪ್ಪಿ ಕರೆಂಟ್ ಕೊಟ್ಟರೆ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಸ್ವಿಚ್ ಮೇಲೆ ‘ನೀರಿಲ್ಲ’ ಎಂದು ಚೀಟಿ ಅಂಟಿಸಿ. ಕುಡಿಯುವ ನೀರಿನ ಟ್ಯಾಂಕನ್ನೂ ಬರಿದು ಮಾಡಿ. ಮತ್ತೆ ಹೊರಡುವ ಮುನ್ನ ವಾಸನೆ ಬೆರೆಸದ ಬ್ಲೀಚ್ ದ್ರಾವಣ ಲೀಟರಿಗೆ 1 ಮಿಲಿ ಲೆಕ್ಕದಲ್ಲಿ ಹಾಕಿ, ಎಲ್ಲ ನಲ್ಲಿಗಳಲ್ಲೂ ಹರಿಸಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದರೆ ಸಾಕು.

ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6ರಿಂದ 12.7 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಎಲ್ಲ ಸ್ವಿಚ್ ಆಫ್ ಮಾಡಿದರೂ ಗ್ಯಾಸ್ ಸೋರಿಕೆಯ ಅಲಾರಂನಂಥವು ಕರೆಂಟ್ ಎಳೆಯುತ್ತಲೇ ಇರುತ್ತವೆ, ಅದಕ್ಕೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಲಿಥಿಯಂ ಆದರೆ ಅರ್ಧದ ಆಸುಪಾಸಿನಲ್ಲಿ ಬಿಟ್ಟರೆ ಒಳ್ಳೆಯದು. ಸಿಲಿಂಡರ್ ವಾಲ್ವ್ ಮುಚ್ಚುವುದನ್ನು ಮರೆಯಬೇಡಿ.

ಈಗ ಗುರುತು ಹಾಕಿದ ಗಾಲಿಗೆ ಬನ್ನಿ. ಜಾಕ್ ಕೊಡಬೇಕಾದ್ದು ಚಾಸಿಗೆ (ತಳದ ಉಕ್ಕಿನ ಚೌಕಟ್ಟಿಗೆ), ಎರಡು ಗಾಲಿ ಜೋಡಿಸುವ ಆಕ್ಸಲ್ ನಡುವಿಗೆ ಅಲ್ಲ. ಅಲ್ಲಿ ಕೊಟ್ಟರೆ ಆಕ್ಸಲ್ ಬಾಗುತ್ತದೆ. ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ತಿರುಗಿಸಿ. ಗೊರಗೊರ ಸದ್ದು ಬಂದರೆ ಬೇರಿಂಗ್. ತಿರುಗದೆ ಬಿಗಿ ಹಿಡಿದರೆ ಬ್ರೇಕ್. ಬೇರಿಂಗ್ ಬಿಚ್ಚಿದಾಗ ಗ್ರೀಸನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ ನೋಡಿ. ಮಜ್ಜಿಗೆಯ ಹಾಗೆ ಬಿಳಿಚಿದ್ದರೆ ನೀರು ಹೊಕ್ಕಿದೆ, ಸೀಲ್ ಹೋಗಿದೆ. ಬೆಳ್ಳಿಯ ಚೂರಿನಂತೆ ಮಿನುಗಿದರೆ ಲೋಹ ಸವೆದು ಉದುರುತ್ತಿದೆ. ರೋಲರ್ ನೀಲಿಗಟ್ಟಿದ್ದರೆ, ಅಥವಾ ಬೇರಿಂಗ್ ಕೂರುವ ಉಂಗುರದ ಮೇಲೆ ಉಗುರಿಗೆ ತಗಲುವ ಗುಂಡಿ ಇದ್ದರೆ ಬೇರಿಂಗ್, ಉಂಗುರ ಎರಡನ್ನೂ ಜೊತೆಯಾಗಿಯೇ ಬದಲಿಸಿ. ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಥವಾ ಸುಮಾರು 20,000 ಕಿ.ಮೀ.ಗೆ ಹಳೆ ಗ್ರೀಸ್ ಪೂರ್ತಿ ತೊಳೆದು ಹೊಸದು ತುಂಬುವುದು ರೂಢಿ. ಎರಡು ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಒಂದಕ್ಕೊಂದು ಸೇರದೆ ತೆಳ್ಳಗಾಗಿ ಹರಿದುಹೋಗುತ್ತವೆ. ಜೋಡಿಸುವಾಗ ಹಬ್ ತಿರುಗಿಸುತ್ತಲೇ ನಟ್ಟನ್ನು ಬಿಗಿ ಮಾಡಿ ಬೇರಿಂಗ್ ಕೂರಿಸಿ, ಆಮೇಲೆ ಸಡಿಲಿಸಿ, ಬೆರಳಿನಿಂದಷ್ಟೇ ಬಿಗಿದು, ನಟ್ ತಿರುಗದಂತೆ ತಡೆಯುವ ಹೊಸ ಪಿನ್ ಹಾಕಿ. ಸ್ಪ್ಯಾನರಿನಿಂದ ಬಿಗಿದು ಹಾಗೇ ಬಿಟ್ಟರೆ ಮುಂದಿನ ಪ್ರಯಾಣದಲ್ಲಿ ಅದೇ ಹಬ್ ಸುಡುತ್ತದೆ.

ಟೈರಿನ ಒಳ ಅಂಚು ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರುವ ಅನುಮಾನವಿದೆ, ಟೈರ್ ಬದಲಿಸುವ ಮುನ್ನ ಅದನ್ನು ತೋರಿಸಿ. ಟ್ರೇಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು.

ಛಾವಣಿಗೆ ಒಂದು ಬೆಳಗ್ಗೆ ಮೀಸಲಿಡಿ. ಗಾಳಿಕಿಂಡಿ, ಆಂಟೆನಾ ಬುಡದ ಸೀಲಂಟ್‌ನಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು, ನಾಲ್ಕು ತಿಂಗಳ ಮಳೆಗೆ ಒಳಗಿನ ಪ್ಲೈವುಡ್ ಕೊಳೆಯುತ್ತದೆ. ಸಾಮಾನ್ಯ ಸಿಲಿಕೋನ್ ಬಳಿಯಬೇಡಿ, ಮುಂದೆ ಅದರ ಮೇಲೆ ಏನೂ ಅಂಟುವುದಿಲ್ಲ. ಒಳಗಿನಿಂದ ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಿದ್ದರೆ ನೀರು ಆಗಲೇ ಇಳಿದಿದೆ. ಬಿಸಿಲುಮರೆಯ ಬಟ್ಟೆಯನ್ನು ಒದ್ದೆ ಸುತ್ತಿ ತಂದಿದ್ದರೆ ಅಂದೇ ಬಿಚ್ಚಿ ಒಣಗಿಸಿ.

ಗಾಲಿ ಬಿಚ್ಚಿ ಹಾಕಿದ ಮೇಲೆ ಮುಂದಿನ ಸಲ ಹೊರಟಾಗ 80 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ನಟ್‌ಗಳ ಬಿಗಿತ ಮತ್ತೆ ನೋಡಿ.