ದಾದರ್ ಏಳನೆಯದೋ ಎಂಟನೆಯದೋ?

ಮುಂಬೈನ ಸಿಎಸ್‌ಎಂಟಿಯಿಂದ ಠಾಣೆವರೆಗಿನ ಸ್ಲೋ ಲೋಕಲ್ ನಿಲ್ದಾಣಗಳನ್ನು ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಒಂದು ಲಿಸ್ಟ್ ಮಾಡಿದ್ದೇನೆ. ಇಂಡೆಕ್ಸ್ ಮೆಥಡ್‌ನಿಂದ ದಾದರ್ ಹುಡುಕಿದರೆ 7 ಬರುತ್ತದೆ. ಬೆರಳು ಮಡಚಿ ಎಣಿಸಿದರೆ ಎಂಟನೆಯದು. ಲಿಸ್ಟ್‌ನಲ್ಲಿಲ್ಲದ ಅಂಧೇರಿ ಕೊಟ್ಟರಂತೂ ಪ್ರೋಗ್ರಾಂ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?
— ವಿದ್ಯಾರ್ಥಿನಿ, ಡೊಂಬಿವಲಿ

7 ಸರಿಯೇ. ಸಿಎಸ್‌ಎಂಟಿ 0, ಮಸ್ಜಿದ್ 1, ಸ್ಯಾಂಡ್‌ಹರ್ಸ್ಟ್ ರೋಡ್ 2, ಬೈಕಲಾ 3, ಚಿಂಚ್‌ಪೋಕ್ಲಿ 4, ಕರೀ ರೋಡ್ 5, ಪರೇಲ್ 6, ದಾದರ್ 7. ಆ ವಸ್ತುವಿಗಿಂತ ಮುಂಚೆ ಎಷ್ಟು ಇವೆ ಎಂಬುದೇ ಇಂಡೆಕ್ಸ್. ಇದರಿಂದ ಲೆಕ್ಕ ಹಗುರಾಗುತ್ತದೆ: ಘಾಟ್ಕೋಪರ್ 12, ಅದರಲ್ಲಿ 7 ಕಳೆದರೆ ದಾದರ್‌ನಿಂದ ಐದನೇ ನಿಲ್ದಾಣ. ಪ್ರೋಗ್ರಾಂ ಒಳಗೆ ಎಲ್ಲೂ 1 ಸೇರಿಸಬೇಡಿ. ಪರದೆಯ ಮೇಲೆ ತೋರಿಸುವ ಸಾಲಿನಲ್ಲಿ ಮಾತ್ರ ಸೇರಿಸಿ.

ಅಂಧೇರಿ ಸಿಗದಿದ್ದಾಗ ಪೈಥಾನ್ ವ್ಯಾಲ್ಯೂಎರರ್ ಎಂಬ ಎರರ್ ಎತ್ತುತ್ತದೆ, ಅದನ್ನು ಹಿಡಿಯದಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ. ಇಂಡೆಕ್ಸ್ ಕರೆಯುವ ಆ ಒಂದೇ ಸಾಲನ್ನು ಟ್ರೈ ಒಳಗಿಟ್ಟು, ಎರರ್ ಬಂದಾಗ ನಡೆಯುವ ಎಕ್ಸೆಪ್ಟ್‌ನಲ್ಲಿ ವ್ಯಾಲ್ಯೂಎರರ್ ಹೆಸರನ್ನೇ ಬರೆಯಿರಿ. ಹೆಸರಿಲ್ಲದ ಎಕ್ಸೆಪ್ಟ್ ಹಾಕಿದರೆ ನಿಮ್ಮ ಬೇರೆ ತಪ್ಪುಗಳನ್ನೂ ಅದು ನುಂಗಿಬಿಡುತ್ತದೆ. ಮೊದಲು ‘ಇನ್’ ಬಳಸಿ ಇದೆಯೇ ಎಂದು ನೋಡಿ, ಆಮೇಲೆ ಇಂಡೆಕ್ಸ್ ಕೇಳುವುದೂ ಸರಿ. ಆದರೆ ಆಗ ಲಿಸ್ಟ್ ಎರಡು ಸಲ ತಡಕಿದಂತಾಗುತ್ತದೆ.

ಸಿಗದಿದ್ದರೆ -1 ಕೊಡುವ ಫಂಕ್ಷನ್ ಮಾತ್ರ ಬರೆಯಬೇಡಿ. ಪೈಥಾನ್‌ನಲ್ಲಿ -1 ಎಂದರೆ ಲಿಸ್ಟ್‌ನ ಕೊನೆಯ ವಸ್ತು. ಅಂಧೇರಿ ಕೇಳಿದವರಿಗೆ ಯಾವ ಎರರ್ ಸಂದೇಶವೂ ಇಲ್ಲದೆ ಠಾಣೆ ಸಿಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯ ಇಂಡೆಕ್ಸ್‌ಆಫ್ ಮಾತ್ರ ಸಿಗದಿದ್ದರೆ -1 ಕೊಡುತ್ತದೆ. ಅಲ್ಲಿ ಅದನ್ನು ನೇರವಾಗಿ ಇಫ್ ಒಳಗೆ ಹಾಕಿದರೆ -1 ‘ಇದೆ’ ಎಂದೂ, ಸಿಎಸ್‌ಎಂಟಿಯ 0 ‘ಇಲ್ಲ’ ಎಂದೂ ಆಗುತ್ತದೆ. -1 ಜೊತೆ ಹೋಲಿಸಿಯೇ ನೋಡಬೇಕು.

ಗೋಡೌನ್‌ನ ದಾಖಲೆಯಲ್ಲಿ 10,000 ಪಾರ್ಟ್ ನಂಬರ್‌ಗಳಿವೆ, ಕೆಲವು ಹಲವು ಸಲ ಬಂದಿವೆ. ಫಾರ್ ಲೂಪ್‌ನೊಳಗೆ ಇಂಡೆಕ್ಸ್ ಕೇಳಿದರೆ ಪ್ರತಿ ಸಲವೂ ಮೊದಲ ಜಾಗವೇ ಬರುತ್ತದೆ, ತುಂಬ ನಿಧಾನ ಬೇರೆ.
— ಓದುಗರು, ಪಿಂಪ್ರಿ, ಪುಣೆ

ಇಂಡೆಕ್ಸ್ ಮೊದಲು ಸಿಕ್ಕಿದ್ದರಲ್ಲೇ ನಿಲ್ಲುತ್ತದೆ. ಅಲ್ಲದೆ ಪ್ರತಿ ಸಲವೂ 0ಯಿಂದಲೇ ಹುಡುಕಲು ಶುರು ಮಾಡುತ್ತದೆ. 10,000 ನಂಬರ್‌ಗಳಲ್ಲಿ ಒಂದೂ ಮರುಕಳಿಸದಿದ್ದರೂ ನಿಮ್ಮ ಲೂಪ್ ಸುಮಾರು 5 ಕೋಟಿ ಹೋಲಿಕೆ ಮಾಡುತ್ತದೆ. ಲೂಪ್‌ಗೆ ಎನ್ಯೂಮರೇಟ್ ಹಾಕಿ. ಜಾಗವೂ ವಸ್ತುವೂ ಜೊತೆಯಾಗಿ ಬರುತ್ತವೆ. ಪದೇ ಪದೇ ಹುಡುಕುವುದಿದ್ದರೆ ಒಂದು ಡಿಕ್ಷನರಿ ಕಟ್ಟಿಕೊಳ್ಳಿ: ಪಾರ್ಟ್ ನಂಬರ್ ಕೀ, ಅದು ಬಂದ ಜಾಗಗಳ ಲಿಸ್ಟ್ ವ್ಯಾಲ್ಯೂ. ಮೂಲ ಲಿಸ್ಟ್‌ನ ನಡುವೆ ಏನಾದರೂ ಸೇರಿಸಿದರೆ, ತೆಗೆದರೆ ಡಿಕ್ಷನರಿಯನ್ನು ಮತ್ತೆ ಕಟ್ಟಬೇಕು. ಇನ್‌ಪುಟ್‌ನಿಂದ ಬಂದ ನಂಬರ್ ಅಕ್ಷರಮಾಲೆ ಎಂಬುದು ನೆನಪಿರಲಿ. ಲಿಸ್ಟ್‌ನಲ್ಲಿ ಅಂಕಿಗಳಿದ್ದರೆ ಎರಡೂ ಎಂದಿಗೂ ಸಮವಾಗುವುದಿಲ್ಲ.

ಇಲ್ಲಿನ ನಮ್ಮ ಕನ್ನಡ ಸಂಘದ ಸದಸ್ಯರ ಹೆಸರುಗಳು ಒಂದು ಟೆಕ್ಸ್ಟ್ ಫೈಲ್‌ನಲ್ಲಿವೆ. ‘ಗೋಪಾಲ’ ಕಣ್ಣೆದುರೇ ಇದೆ, ಆದರೂ ಪೈಥಾನ್ ‘ಇಲ್ಲ’ ಎನ್ನುತ್ತದೆ. ‘ಶಂಕರ’ನದೂ ಇದೇ ಕಥೆ.
— ಓದುಗರು, ವಾಸ್ಕೋ, ಗೋವಾ

ಕನ್ನಡದಲ್ಲಿ ಪ್ರೋಗ್ರಾಂ ಬರೆಯುವವರೆಲ್ಲ ತಿಳಿದಿರಲೇಬೇಕಾದ ವಿಷಯ ಇದು. ಇಂಗ್ಲಿಷ್ ಉದಾಹರಣೆಗಳನ್ನೇ ನೋಡಿ ಕಲಿತವರಿಗೆ ಇದು ಎದುರಾಗುವುದೇ ಇಲ್ಲ.

ಮೊದಲು ಹೆಸರಿನ ಬಾಲ ನೋಡಿ. ಫೈಲ್‌ನಿಂದ ಓದಿದ ಪ್ರತಿ ಸಾಲಿನ ಕೊನೆಗೂ ಹೊಸಸಾಲಿನ ಗುರುತು ಅಂಟಿರುತ್ತದೆ. ಎರಡೂ ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಮಾಡಿದರೆ ಹೋಗುತ್ತದೆ. ಪಟ್ಟಿಯ ಮೊದಲ ಹೆಸರು ಮಾತ್ರ ಸಿಗದಿದ್ದರೆ ಫೈಲ್‌ನ ತಲೆಯಲ್ಲಿ ಬಾಮ್ ಎಂಬ ಅದೃಶ್ಯ ಗುರುತಿರಬಹುದು. ಅದು ಸ್ಟ್ರಿಪ್‌ಗೆ ಬಗ್ಗುವುದಿಲ್ಲ, ಎನ್‌ಕೋಡಿಂಗನ್ನು ಯುಟಿಎಫ್-8-ಸಿಗ್ ಎಂದು ಕೊಟ್ಟು ಫೈಲ್ ತೆರೆಯಬೇಕು.

ಇದಾದ ಮೇಲೂ ಸಿಗದಿದ್ದರೆ ಎರಡೂ ‘ಗೋಪಾಲ’ಗಳ ಉದ್ದವನ್ನು ಲೆನ್‌ನಿಂದ ಅಳೆಯಿರಿ. ಒಂದು 5, ಇನ್ನೊಂದು 7 ಬಂದರೆ ಕಳ್ಳ ಸಿಕ್ಕಿದ. ಪ್ರತಿ ಅಕ್ಷರಕ್ಕೂ ಗುರುತಿಗೂ ಕೋಡ್ ಕೊಡುವ ಯೂನಿಕೋಡ್‌ನಲ್ಲಿ ‘ಗೋ’ವನ್ನು ಗಕಾರ ಮತ್ತು ಓತ್ವ ಎಂದು ಎರಡು ಕೋಡ್‌ಗಳಲ್ಲಿ ಬರೆಯಬಹುದು. ಗಕಾರ, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಎಂದು ನಾಲ್ಕರಲ್ಲೂ ಬರೆಯಬಹುದು. ಕಣ್ಣಿಗೆ ಒಂದೇ, ಇಂಡೆಕ್ಸ್‌ಗೆ ಬೇರೆ ಬೇರೆ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ (ಬಿಡಿ ಕೋಡ್‌ಗಳನ್ನು ಕೂಡಿಸಿದ ರೂಪ) ಎಂದು ಕೊಟ್ಟು ಲಿಸ್ಟನ್ನೂ ಹುಡುಕುವ ಹೆಸರನ್ನೂ ಅದರಲ್ಲಿ ಹಾಯಿಸಿ. ಒಂದನ್ನೇ ಹಾಯಿಸಿದರೆ ಸಮಸ್ಯೆ ಅಲ್ಲೇ ಉಳಿಯಬಹುದು.

‘ಶಂಕರ’ನ ರೋಗ ಬೇರೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿ ‘ಶ೦ಕರ’ ಎಂದು ಟೈಪ್ ಮಾಡುವವರು ಬಹಳ ಜನ. ಇದಕ್ಕೆ ಎನ್‌ಎಫ್‌ಸಿ ಮದ್ದಲ್ಲ. ಅಕ್ಷರವಾದ ಕೂಡಲೇ ಬಂದ ಆ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸುವ ಸಾಲನ್ನು ನೀವೇ ಬರೆಯಬೇಕು. ಅಂಕಿಗಳ ನಡುವಿನ ಸೊನ್ನೆಯನ್ನು ಮುಟ್ಟಬೇಡಿ, ಸದಸ್ಯತ್ವ ಸಂಖ್ಯೆ ಕೆಡುತ್ತದೆ.

‘ಸುರೇಶ್’ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಾಣದ ಕೋಡ್ ಸೇರಿಕೊಂಡಿರುವುದೂ ಉಂಟು. ಸ್ಟ್ರಿಪ್ ಅದನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲ. ಹಾಗೆಂದು ಫೈಲ್‌ನಿಂದಲೇ ಅದನ್ನು ಅಳಿಸಿಹಾಕಿದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಹಾಗೆ ಅಚ್ಚಾಗಬಾರದು. ಆದ್ದರಿಂದ ಮೂಲ ಹೆಸರು ಇದ್ದಂತೆಯೇ ಇರಲಿ. ಈ ಎಲ್ಲ ಶುದ್ಧಿ ಮಾಡಿ ಹೊಸ ಪ್ರತಿ ಕೊಡುವ ಒಂದು ಸಣ್ಣ ಫಂಕ್ಷನ್ ಬರೆದು, ಶುದ್ಧ ಪ್ರತಿಗಳ ಲಿಸ್ಟ್‌ನಲ್ಲಿ ಇಂಡೆಕ್ಸ್ ಹುಡುಕಿ, ಸಿಕ್ಕ ಸಂಖ್ಯೆಯಿಂದ ಮೂಲ ಲಿಸ್ಟ್‌ನ ಹೆಸರು ತೆಗೆಯಿರಿ. ಎರಡೂ ಲಿಸ್ಟ್‌ಗಳ ಕ್ರಮ ಒಂದೇ ಇರುವುದರಿಂದ ಜಾಗ ತಪ್ಪುವುದಿಲ್ಲ.

ಹೋಟೆಲಿನ ಸಾಮಾನು ಪಟ್ಟಿಯಲ್ಲಿ ಎಕ್ಸೆಲ್‌ನ ಮ್ಯಾಚ್ ಒಮ್ಮೊಮ್ಮೆ ತಪ್ಪು ಸಾಲು ತೋರಿಸುತ್ತದೆ.
— ಓದುಗರು, ಮಾಟುಂಗಾ

ಮ್ಯಾಚ್ ಎಂದರೆ ಪಟ್ಟಿಯಲ್ಲಿ ವಸ್ತುವಿನ ಜಾಗ ಹುಡುಕುವ ಸೂತ್ರ. ಅದರ ಆವರಣದ ಮೂರನೇ ಜಾಗವನ್ನು, ಅಂದರೆ ಹೋಲಿಕೆಯ ಬಗೆ ಹೇಳುವ ಜಾಗವನ್ನು, ನೀವು ಖಾಲಿ ಬಿಟ್ಟಿರಬೇಕು. ಬಿಟ್ಟರೆ ಎಕ್ಸೆಲ್ ಅದನ್ನು 1 ಎಂದು ಹಿಡಿದು, ಪಟ್ಟಿ ಏರಿಕೆ ಕ್ರಮದಲ್ಲಿದೆ ಎಂದು ನಂಬಿ ಹತ್ತಿರದ್ದನ್ನು ಕೊಡುತ್ತದೆ. ಅಲ್ಲಿ 0 ಹಾಕಿ. ಮ್ಯಾಚ್ ಎಣಿಸುವುದು 1ರಿಂದ, ಅದೂ ನೀವು ಕೊಟ್ಟ ವ್ಯಾಪ್ತಿಯ ಮೊದಲ ಸೆಲ್‌ನಿಂದ. ಪಟ್ಟಿ ಎರಡನೇ ಸಾಲಿನಿಂದ ಶುರುವಾಗಿದ್ದರೆ ಮ್ಯಾಚ್ ಕೊಟ್ಟ 5 ಎಂದರೆ ಶೀಟಿನ ಆರನೇ ಸಾಲು.