ಗರಾಜಿನಲ್ಲಿ ಇಪ್ಪತ್ತು ನಿಮಿಷ

ಪ್ರಶ್ನೆ: ಅಕ್ಕಾ, ನನಗೆ 64, ನಮ್ಮವರಿಗೆ 68. 1991ರಲ್ಲಿ ಮೈಸೂರಿನಿಂದ ಮೆಲ್ಬೋರ್ನಿಗೆ ಬಂದೆವು. ಇವರು ಇಂಜಿನಿಯರ್. ಬೆಳಿಗ್ಗೆ ಏಳರೊಳಗೆ ಟ್ರೇನ್ ಹಿಡಿದರೆ ಮನೆ ಸೇರುತ್ತಿದ್ದುದು ರಾತ್ರಿ ಏಳಕ್ಕೆ. ನಾನು ಚೈಲ್ಡ್‌ಕೇರ್‌ನಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೆ, ನಾಲ್ಕು ವರ್ಷದ ಹಿಂದೆ ಬಿಟ್ಟೆ. ಒಂದೂವರೆ ವರ್ಷದ ಹಿಂದೆ ಇವರೂ ರಿಟೈರ್ ಆದರು. ಅವತ್ತಿನಿಂದ ಮನೆಯಲ್ಲೇ ಇದ್ದಾರೆ. ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ನಿಂತು 'ಉರಿ ಯಾಕಿಷ್ಟು ಜಾಸ್ತಿ' ಅನ್ನುತ್ತಾರೆ. ಲೇಬಲ್ ಮೆಷಿನ್ ತಂದು ಡಬ್ಬಿಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಪ್ರಕಾರ ಜೋಡಿಸಿದ್ದಾರೆ. ಸಾಸಿವೆ ಈಗ 'ಎಂ'ನಲ್ಲಿದೆ, ಜೀರಿಗೆ 'ಸಿ'ನಲ್ಲಿ. ಎಲ್ಲಿಗೆ ಹೊರಟರೂ 'ಎಷ್ಟೊತ್ತಾಗುತ್ತೆ? ನಾನೂ ಬರ್ತೀನಿ.' ನಾನು ಕೌನ್ಸಿಲ್ ಈಜುಕೊಳದಲ್ಲಿ ವಾಟರ್ ಏರೋಬಿಕ್ಸ್ ಮಾಡುವಷ್ಟು ಹೊತ್ತೂ ಇವರು ಕಾರ್ ಪಾರ್ಕಿನಲ್ಲಿ ಕಾಯುತ್ತಾರೆ. ರಾತ್ರಿ ಮೂರಕ್ಕೆಲ್ಲ ಎದ್ದು ಹಾಲ್‌ನಲ್ಲಿ ದೀಪ ಹಾಕದೆ ಕೂತಿರುತ್ತಾರೆ, ನನ್ನ ನಿದ್ದೆಯೂ ಹಾಳು. ಈಗ ಮನೆ ಮಾರಿ ಮೈಸೂರಿಗೆ ಹೋಗಿಬಿಡೋಣ ಅಂತ ಹಟ ಹಿಡಿದಿದ್ದಾರೆ. ಇಲ್ಲೇ ಮೆಲ್ಬೋರ್ನಿನ ಇನ್ನೊಂದು ಸಬರ್ಬ್ ಟಾರ್ನೀಟ್‌ನಲ್ಲಿರುವ ಮಗಳು 'ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ' ಅನ್ನುತ್ತಾಳೆ. ಸಾಮಾನು ತಂದ ದಿನ ನಾನು ಗರಾಜಿನಲ್ಲಿ, ಕಾರಿನೊಳಗೇ, ಇಪ್ಪತ್ತು ನಿಮಿಷ ಸುಮ್ನೆ ಕೂರುತ್ತೇನೆ. ಮೊನ್ನೆ ಇವರು ಬಂದು ಕಿಟಕಿ ತಟ್ಟಿದರು. ನನಗೆ ಅಳು ಬಂತು. 38 ವರ್ಷ ಸಂಸಾರ ಮಾಡಿದ ಗಂಡನಿಂದ ಹೀಗೆ ಅಡಗಿ ಕೂರುವವಳು ಕೆಟ್ಟವಳಲ್ವಾ?

ಉತ್ತರ: ಇಲ್ಲಮ್ಮ, ಕೆಟ್ಟವಳಲ್ಲ. ನಮ್ಮ ಸಬರ್ಬಿನಲ್ಲೂ ಗರಾಜಿನಲ್ಲಿ ಕೂರುವವರು ನನಗೆ ಇಬ್ಬರು ಗೊತ್ತು. ಒಂದು ಕಾಲದಲ್ಲಿ ನಾನೇ ಮೂರನೆಯವಳಾಗಿದ್ದೆ. ಜಪಾನಿನಲ್ಲಿ ರಿಟೈರ್ ಆದ ಗಂಡಂದಿರಿಗೆ 'ಒದ್ದೆ ತರಗೆಲೆ' ಅಂತ ಒಂದು ಹೆಸರಿದೆಯಂತೆ. ಎಷ್ಟು ಗುಡಿಸಿದರೂ ಪೊರಕೆಗೆ ಅಂಟಿಕೊಂಡೇ ಇರುತ್ತದಲ್ಲ, ಹಾಗೆ. ಒಂದು ದೇಶವೇ ಇದಕ್ಕೊಂದು ಹೆಸರಿಟ್ಟಿದೆ ಅಂದ ಮೇಲೆ ನಿಮ್ಮ ಮನೆಯೊಂದರ ಪಾಡಲ್ಲ ಇದು.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಾಸಿವೆ ಡಬ್ಬಿಯ ಹತ್ತಿರ ನಕ್ಕೆ. ಎರಡನೇ ಸಲ ಇನ್ನೊಂದು ಸಾಲಿನ ಹತ್ತಿರ ನಿಂತೆ. ರಾತ್ರಿ ಮೂರಕ್ಕೆ ಎದ್ದು ಕತ್ತಲಲ್ಲಿ ಕೂರುತ್ತಾರೆ ಅಂದಿರಲ್ಲ, ಅದು. ನೀವದನ್ನು ನಿಮ್ಮ ನಿದ್ದೆ ಕೆಡುವ ದೂರಾಗಿ ಬರೆದಿದ್ದೀರಿ. ನನಗೆ ಪತ್ರದಲ್ಲಿ ಅದೇ ದೊಡ್ಡ ವಿಷಯವಾಗಿ ಕಂಡಿತು.

ಹಾಗಾಗಿ ಮೊದಲ ಕೆಲಸ ಡಾಕ್ಟರದ್ದು. ಈ ವಾರವೇ ನಿಮ್ಮ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ಹತ್ತಿರ ಲಾಂಗ್ ಅಪಾಯಿಂಟ್ಮೆಂಟ್ ತೆಗೆದುಕೊಳ್ಳಿ. ಮಾಮೂಲಿ ಅಪಾಯಿಂಟ್ಮೆಂಟಿನಲ್ಲಿ ನಮ್ಮ ಗಂಡಸರು ಬಿ.ಪಿ. ವಿಷಯ ಮುಗಿಸಿ ಎದ್ದು ಬಂದುಬಿಡುತ್ತಾರೆ. 'ನಿಮಗೆ ಡಿಪ್ರೆಷನ್ ಇರಬಹುದು' ಅಂತ ಮನೆಯಲ್ಲಿ ಹೇಳಲು ಹೋಗಬೇಡಿ, 'ನನಗೇನು ಹುಚ್ಚಾ' ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ನಿದ್ದೆ ಬರುತ್ತಿಲ್ಲವಲ್ಲ, ತೋರಿಸಿಕೊಂಡು ಬರೋಣ ಅನ್ನಿ. ಅದು ಸುಳ್ಳೂ ಅಲ್ಲ. ಥೈರಾಯ್ಡ್, ಶುಗರ್, ಪ್ರಾಸ್ಟೇಟ್ ಎಲ್ಲ ಒಮ್ಮೆ ನೋಡಿಬಿಡಲಿ. ಈ ವಯಸ್ಸಿನ ಗಂಡಸರು ರಾತ್ರಿ ಏಳುವುದು ಎಷ್ಟೋ ಸಲ ಬಾತ್‌ರೂಮಿಗೇ. ಆದರೆ ಬಾತ್‌ರೂಮಿಗೆ ಎದ್ದವರು ವಾಪಸ್ ಬಂದು ಮಲಗುತ್ತಾರೆ, ಕತ್ತಲಲ್ಲಿ ಕೂರುವುದಿಲ್ಲ. ಮನಸ್ಸಿನ ಭಾರವೇ ಅಂತ ಡಾಕ್ಟರಿಗೆ ಅನ್ನಿಸಿದರೆ ಮೆಂಟಲ್ ಹೆಲ್ತ್ ಪ್ಲ್ಯಾನ್ ಬರೆದುಕೊಡುತ್ತಾರೆ. ಅದರಲ್ಲಿ ವರ್ಷಕ್ಕೆ 10 ಸಲ ಸೈಕಾಲಜಿಸ್ಟ್ ಹತ್ತಿರ ಹೋಗಲು ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್‌ನಿಂದ ಸಹಾಯ ಸಿಗುತ್ತದೆ. ಮನಸ್ಸಿನ ಕಷ್ಟಕ್ಕೆ ಸಹಾಯ ಮಾಡುವ ಬಿಯಾಂಡ್ ಬ್ಲೂ ನಂಬರ್ 1300 22 4636, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಅವರ ವಿಷಯ ಮಾತಾಡಲು ನೀವೂ ಫೋನ್ ಮಾಡಬಹುದು. ಬದುಕಿ ಏನು ಪ್ರಯೋಜನ ಅನ್ನುವ ಥರದ ಮಾತು ಅವರ ಬಾಯಲ್ಲಿ ಒಂದು ಸಲ ಬಂದರೂ ಅಪಾಯಿಂಟ್ಮೆಂಟಿಗೆ ಕಾಯಬೇಡಿ. ಲೈಫ್‌ಲೈನ್ ಸಹಾಯವಾಣಿಗೆ ಆಗಲೇ ಫೋನ್ ಮಾಡಿ, 13 11 14.

ಇನ್ನು ಮನೆಯ ವಿಷಯಕ್ಕೆ ಬರೋಣ. ಒಂದು ಪ್ರಶ್ನೆ ಕೇಳುತ್ತೇನೆ. 1991ರಲ್ಲಿ ಬಂದ ಹೊಸದರಲ್ಲಿ ನಿಮ್ಮ ಹಗಲು ಹೇಗಿತ್ತು?

ನನ್ನದು ಹೇಳಲಾ? ಇವರು ಬೆಳಿಗ್ಗೆ ಹೋದ ಮೇಲೆ ಕಿಟಕಿ ಪರದೆ ಸರಿಸಿ ರಸ್ತೆ ನೋಡುತ್ತಿದ್ದೆ. ಮಧ್ಯಾಹ್ನದವರೆಗೂ ಒಂದು ನರಪಿಳ್ಳೆ ಇಲ್ಲ. ಅಂಚೆಯವನು ಬಂದರೆ ಅದೇ ಹಬ್ಬ. ಊರಿಗೆ ಫೋನ್ ಅಂದರೆ ಗಡಿಯಾರ ಮುಂದಿಟ್ಟುಕೊಂಡು ಮಾತಾಡಬೇಕು. ಸಂಜೆ ಇವರು ಬಂದ ಕೂಡಲೇ ಹಿಂದಿಂದೆ ಸುತ್ತುತ್ತಾ 'ಎಲ್ಲಿ ಹೋಗಿದ್ರಿ, ಏನ್ ತಿಂದ್ರಿ, ಯಾರ ಜೊತೆ ಮಾತಾಡಿದ್ರಿ' ಅಂತ ಜೀವ ತಿನ್ನುತ್ತಿದ್ದೆ. ಪಾಪ, ಟೈ ಬಿಚ್ಚಲೂ ಬಿಡುತ್ತಿರಲಿಲ್ಲ. ನಿಮ್ಮ ಕಥೆಯೂ ಹೆಚ್ಚುಕಮ್ಮಿ ಹೀಗೇ ಇರಬೇಕು.

ಆಮೇಲೆ ನಾವು ಕಲಿತೆವು. ಲೈಬ್ರರಿಯಲ್ಲಿ ಯಾವ ಹೆಂಗಸು ನಗುತ್ತಾಳೆ, ಹಸಿಮೆಣಸಿನಕಾಯಿ ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತದೆ, ಹಳದಿ ಮುಚ್ಚಳದ ಬಿನ್ ಈ ವಾರವೋ ಮುಂದಿನ ವಾರವೋ, ಪಕ್ಕದ ಮನೆಯ ಅಜ್ಜಿಗೆ ಯಾವತ್ತು ಡಯಾಲಿಸಿಸ್, ಎಲ್ಲ. ಹಗಲಿನ ಸಬರ್ಬ್ ಅನ್ನೋದು ಬೇರೆಯೇ ಊರು. ನೀವು ಅಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದಿರಿ. ನಿಮ್ಮವರು ಆ ಊರಿಗೆ ಬಂದು ಬರೀ ಒಂದೂವರೆ ವರ್ಷ ಆಯ್ತು. ಇಷ್ಟು ವರ್ಷ ಅವರಿದ್ದುದು ಟ್ರೇನಿನಲ್ಲಿ, ಆಫೀಸಿನಲ್ಲಿ, ಶನಿವಾರದ ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ. ಅವರು ಈಗ ನಿಮ್ಮ ಸಬರ್ಬಿಗೆ ಹೊಸದಾಗಿ ವಲಸೆ ಬಂದಿದ್ದಾರೆ. ಸ್ನೇಹಿತರಿಲ್ಲ, ದಾರಿ ಗೊತ್ತಿಲ್ಲ, ಮಾತಾಡಲು ಇರುವವರು ನೀವೊಬ್ಬರೇ. 1991ರಲ್ಲಿ ಕಿಟಕಿ ಹತ್ತಿರ ನಿಂತಿದ್ದವರು ನೀವು, ಈಗ ಅಲ್ಲಿ ಅವರು ನಿಂತಿದ್ದಾರೆ.

ಇನ್ನೊಂದು ಮಾತು. 1991 ಅಂದರೆ ಇಲ್ಲಿ ರಿಸೆಷನ್ ಕಾಲ. ಡಿಗ್ರಿ ಇಟ್ಟುಕೊಂಡು ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮಾಡಿದ ಇಂಜಿನಿಯರುಗಳನ್ನು ನಾನೇ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಸಿಕ್ಕ ಕೆಲಸವನ್ನು ಆ ತಲೆಮಾರಿನ ಗಂಡಸರು ಹಲ್ಲು ಕಚ್ಚಿ ಹಿಡಿದುಕೊಂಡರು. ಹವ್ಯಾಸ, ಸ್ನೇಹ ಅಂತ ಬೇರೇನೂ ಬೆಳೆಸಿಕೊಳ್ಳಲಿಲ್ಲ. ಈಗ ಕೈಯಲ್ಲಿ ಒಂದು ಲೇಬಲ್ ಮೆಷಿನ್ ಉಳಿದಿದೆ. ನಿಮ್ಮ ಡಬ್ಬಿಗಳೇ ಅವರಿಗೆ ಪ್ರಾಜೆಕ್ಟ್.

ಇದನ್ನೆಲ್ಲ ಹೇಳುತ್ತಿರುವುದು ನೀವು ಇನ್ನಷ್ಟು ಸಹಿಸಿಕೊಳ್ಳಿ ಅಂತಲ್ಲ. ತಪ್ಪು ತಿಳಿಯಬೇಡಿ. ಆಗ ನಿಮ್ಮನ್ನು ಯಾರಾದರೂ ಕೈ ಹಿಡಿದು ನಡೆಸಿದರಾ? ಒಬ್ಬರು ಬಸ್ ತೋರಿಸಿದರು, ಇನ್ನೊಬ್ಬರು ಇಂಗ್ಲಿಷ್ ಕ್ಲಾಸ್ ಎಲ್ಲಿ ಅಂತ ಹೇಳಿದರು, ಅಷ್ಟೇ. ಮಿಕ್ಕಿದ್ದು ನೀವೇ ಮಾಡಿಕೊಂಡಿರಿ. ಅವರಿಗೂ ಅಷ್ಟೇ ಮಾಡಿ. ಬಸ್ ತೋರಿಸಿ. ಹೊತ್ತುಕೊಂಡು ಹೋಗಬೇಡಿ.

ಮೊದಲು ಈಜುಕೊಳ. 'ಮಂಗಳವಾರ, ಗುರುವಾರ ನಾನೊಬ್ಬಳೇ ಹೋಗ್ತೀನಿ, ಹನ್ನೆರಡಕ್ಕೆ ಬರ್ತೀನಿ' ಅಂತ ಹೇಳಿ. ನೆಪ ಬೇಡ, ಜಗಳವೂ ಬೇಡ. 'ಯಾಕೆ' ಅಂದರೆ 'ನನಗೆ ಬೇಕು' ಅನ್ನಿ. ನಮ್ಮ ಕಡೆ ಹೆಂಗಸರಿಗೆ ಆ ಎರಡು ಪದ ಒಟ್ಟಿಗೆ ಬಾಯಿಗೆ ಬರುವುದೇ ಕಷ್ಟ. ಹಿಂದಿನ ದಿನ ಬಾತ್‌ರೂಮಿನಲ್ಲಿ ಒಂದೆರಡು ಸಲ ಹೇಳಿ ನೋಡಿಕೊಳ್ಳಿ, ನಾನು ಹಾಗೇ ಮಾಡಿದ್ದೆ.

ಅಡುಗೆಮನೆಯಲ್ಲಿ ಅವರಿಗೊಂದು ಕೆಲಸ ಪೂರ್ತಿ ಬಿಟ್ಟುಕೊಡಿ. ತರಕಾರಿ ಹೆಚ್ಚಿಕೊಡುವುದಲ್ಲ, ಅದು ಎಡಗೈ ಕೆಲಸ. ಬೆಳಗಿನ ತಿಂಡಿಯನ್ನೇ ಕೊಟ್ಟುಬಿಡಿ. ಉಪ್ಪಿಟ್ಟು ಗಂಟಾದರೂ ಬಾಯಿ ಬಿಡಬೇಡಿ. ಅವರ ಬೆನ್ನ ಹಿಂದೆ ನಿಂತು ಉರಿ ನೋಡುವ ಆಸೆ ನಿಮಗೂ ಆಗುತ್ತದೆ, ಆಗ ಹಿತ್ತಿಲಿಗೆ ಹೋಗಿ ಕರಿಬೇವಿಗೆ ನೀರು ಹಾಕಿ. ಮಧ್ಯಾಹ್ನದ ಅಡುಗೆಗೆ ಅವರು ಒಳಗೆ ಬರುವ ಹಾಗಿಲ್ಲ. ಇದು ಪಕ್ಕಾ ಇರಲಿ.

ಹೊರಗೆ ಏನು ಮಾಡಲಿ ಅಂದರೆ, ಇಂಜಿನಿಯರಿಗೆ ಈ ದೇಶದಲ್ಲಿ ಮೆನ್ಸ್ ಶೆಡ್‌ಗಿಂತ ಒಳ್ಳೆ ಜಾಗ ಇಲ್ಲ. 1990ರ ದಶಕದಲ್ಲಿ ಇಲ್ಲೇ ಹುಟ್ಟಿದ ವ್ಯವಸ್ಥೆ ಅದು, ಈಗ ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಇವೆ. ದೊಡ್ಡದೊಂದು ಶೆಡ್, ಒಳಗೆ ಗರಗಸ, ಡ್ರಿಲ್, ಮುರಿದ ಕುರ್ಚಿಗಳು, ಒಂದು ಟೀ ಕೆಟಲ್. ಗಂಡಸರು ಎದುರಾ ಬದುರಾ ಕೂತರೆ ಮಾತಾಡಲ್ಲ, ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಾ ಮಾತಾಡುತ್ತಾರೆ ಅನ್ನೋದು ಅವರ ತತ್ವ. 'ನಾನೇನು ಬಡಗಿನಾ' ಅಂತ ನಮ್ಮವರೂ ಅಂದಿದ್ದರು. ನಾನು ಬಲವಂತ ಮಾಡಲಿಲ್ಲ. ಅಲುಗಾಡುತ್ತಿದ್ದ ದೇವರ ಮಣೆಯನ್ನು ಕಾರಿನಲ್ಲಿಟ್ಟು, ರಿಪೇರಿ ಮಾಡುತ್ತಾರಾ ಕೇಳಿಕೊಂಡು ಬನ್ನಿ ಅಂತ ಕಳಿಸಿದೆ. ಅರ್ಧ ಗಂಟೆಗೆ ಹೋದವರು ಮೂರು ಗಂಟೆ ಬಿಟ್ಟು ಬಂದರು, ಅಂಗಿ ತುಂಬಾ ಮರದ ಪುಡಿ. ಆಮೇಲೆ ಅಲ್ಲಿ ಹಕ್ಕಿಗೊಂದು ಗೂಡು ಮಾಡಿದರು. ಆರು ವರ್ಷವಾಯ್ತು, ಇವತ್ತಿಗೂ ಒಂದು ಹಕ್ಕಿ ಅದರೊಳಗೆ ಬಂದಿಲ್ಲ. ಬಟ್ಟೆ ಕ್ಲಿಪ್ಪು ಹಾಕಿಡುತ್ತೇನೆ.

ಮರಗೆಲಸ ಬೇಡ ಅಂದರೆ ಯು3ಎ, ಅಂದರೆ ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್, ಇದೆ. ರಿಟೈರ್ ಆದವರೇ ಪಾಠ ಮಾಡುವ, ರಿಟೈರ್ ಆದವರೇ ಕಲಿಯುವ ಜಾಗ. ಪರೀಕ್ಷೆ ಇಲ್ಲ, ವರ್ಷದ ಫೀಸೂ ಕಮ್ಮಿ. ಮೆಲ್ಬೋರ್ನಿನಲ್ಲಿ 1984ರಿಂದಲೂ ಇದೆ. ನಿಮ್ಮವರು ಕಲಿಯಲು ಹೋಗುವುದಕ್ಕಿಂತ ಕಲಿಸಲು ಹೋಗಲಿ. ಡಬ್ಬಿಗಳನ್ನು ಅಷ್ಟು ಶಿಸ್ತಾಗಿ ಜೋಡಿಸಿದವರಿಗೆ ಫೋನಿನ ಫೋಟೋ ಜೋಡಿಸುವುದನ್ನು ನಾಲ್ಕು ಜನಕ್ಕೆ ಹೇಳಿಕೊಡಲು ಬರಲ್ವಾ? ಫಾರ್ಮ್ ಮಾತ್ರ ನೀವು ತುಂಬಬೇಡಿ. ಮಗುವನ್ನು ಸ್ಕೂಲಿಗೆ ಸೇರಿಸಿದ ಹಾಗಾಗುತ್ತದೆ.

ಈಗ ಮೈಸೂರು. ಈ ಮಾತು ಬಂದಾಗ 'ಆಗಲ್ಲ' ಅಂತ ಒಂದೇ ಏಟಿಗೆ ಹೇಳಬೇಡಿ, 'ಆಯ್ತು' ಅಂತಲೂ ಹೇಳಬೇಡಿ. ಅವರು ಕೇಳುತ್ತಿರುವ ಮೈಸೂರು ಯಾವುದು ಅಂತ ಕೇಳಿ ನೋಡಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸ್ನೇಹಿತರ ಜೊತೆ ನಡೆದ ಮೈಸೂರಾದರೆ, ಆ ಸ್ನೇಹಿತರಲ್ಲಿ ಅರ್ಧ ಜನ ಈಗ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಇಲ್ಲಿ ಹಗಲು ಕಳೆಯಲಾಗದವರು ಅಲ್ಲೂ ಬೆಳಿಗ್ಗೆ ಹತ್ತಕ್ಕೆ ಪೇಪರ್ ಓದಿ ಮುಗಿಸಿ ನಿಮ್ಮ ಮುಖ ನೋಡುತ್ತಾರೆ. ಹಾಗಂತ ನಾನು ಹೇಳಿದರೆ ಅವರು ನಂಬಲ್ಲ. ಹೋಗಿ ಇದ್ದು ನೋಡಲಿ.

ಮೆಲ್ಬೋರ್ನಿನ ಚಳಿಗಾಲದಲ್ಲಿ, ಜೂನಿನಿಂದ ಆಗಸ್ಟ್‌ವರೆಗೆ, ಮೂರು ತಿಂಗಳು. ಅಣ್ಣತಮ್ಮಂದಿರ ಮನೆಯಲ್ಲಲ್ಲ, ಬಾಡಿಗೆ ಮನೆಯಲ್ಲಿ. ನೆಂಟರಾಗಿ ಹೋದರೆ ಎಲ್ಲರೂ ಹೋಳಿಗೆ ಹಾಕುತ್ತಾರೆ. ಅಲ್ಲಿ ಬಾಳೋದು ಅಂದರೆ ಗ್ಯಾಸ್ ಬುಕ್ ಮಾಡಬೇಕು, ಕರೆಂಟ್ ಬಿಲ್ ಕಟ್ಟಬೇಕು, ನಲ್ಲಿ ರಿಪೇರಿಯವನಿಗೆ ನಾಲ್ಕು ಸಲ ಫೋನ್ ಮಾಡಬೇಕು. ಮೊದಲ ಒಂದು ತಿಂಗಳು ಅವರೊಬ್ಬರೇ ಹೋದರೆ ಇನ್ನೂ ಒಳ್ಳೆಯದು. ಒಳ್ಳೆಯದು ನಿಮಗೆ ಅಂತಲೇ ಹೇಳುತ್ತಿದ್ದೇನೆ, ಮುಚ್ಚುಮರೆ ಯಾಕೆ.

ಆದರೆ ಮನೆ ಮಾರುವ ಕಾಗದಕ್ಕೆ ಮಾತ್ರ ಈಗ ಸಹಿ ಹಾಕಬೇಡಿ. ವಯಸ್ಸಾದವರಿಗೆ ಸರ್ಕಾರ ಕೊಡುವ ಏಜ್ ಪೆನ್ಷನ್ ಲೆಕ್ಕದಲ್ಲಿ ನೀವಿರುವ ಮನೆ ಆಸ್ತಿಯಾಗಿ ಬರುವುದಿಲ್ಲ. ಮಾರಿ ಬ್ಯಾಂಕಿನಲ್ಲಿಟ್ಟ ದುಡ್ಡು ಬರುತ್ತದೆ. 26 ವಾರಕ್ಕಿಂತ ಜಾಸ್ತಿ ಹೊರದೇಶದಲ್ಲಿದ್ದರೆ ಪೆನ್ಷನ್ ಎಷ್ಟು ಅನ್ನುವುದು, 16ನೇ ವಯಸ್ಸಿನಿಂದ ಪೆನ್ಷನ್ ವಯಸ್ಸಿನವರೆಗೆ ಇಲ್ಲಿ ಎಷ್ಟು ವರ್ಷ ಇದ್ದಿರಿ ಅನ್ನುವುದರ ಮೇಲೆ ನಿಂತಿದೆ. ಪೂರ್ತಿ ಸಿಗಲು 35 ವರ್ಷ ಬೇಕು, ನಿಮ್ಮವರದು 33ರ ಹತ್ತಿರ. ನಿಮಗಂತೂ ಪೆನ್ಷನ್ ವಯಸ್ಸು, ಅಂದರೆ 67, ಆಗಲು ಇನ್ನೂ ಮೂರು ವರ್ಷ ಇದೆ. ಮೆಡಿಕೇರ್ ಕಾರ್ಡು ಮೈಸೂರಿನ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಪೆನ್ಷನ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ವಿಸಸ್ ಆಸ್ಟ್ರೇಲಿಯಾದಲ್ಲಿ ಫೈನಾನ್ಷಿಯಲ್ ಇನ್ಫರ್ಮೇಷನ್ ಸರ್ವಿಸ್ ಅಂತ ಒಂದಿದೆ, ದುಡ್ಡು ಕೊಡಬೇಕಿಲ್ಲ. ಇಬ್ಬರೂ ಹೋಗಿ ಕೂತು ಕೇಳಿ. ನಿಮ್ಮವರು ಒಬ್ಬರೇ ಹೋಗಿ ಬಂದು ನಿಮಗೆ ಹೇಳುವುದಲ್ಲ, ನೀವೂ ಆ ಕುರ್ಚಿಯಲ್ಲಿ ಇರಬೇಕು. ಮನೆ ಇಬ್ಬರ ಹೆಸರಿನಲ್ಲಿದೆ ಅಲ್ವಾ? ಇಲ್ಲದಿದ್ದರೆ ಮೊದಲು ಅದನ್ನು ಒಬ್ಬ ಲಾಯರ್ ಹತ್ತಿರ ಕೇಳಿ.

ಮಗಳಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಟಾರ್ನೀಟ್‌ನಿಂದ ಫೋನಿನಲ್ಲಿ ಅಡ್ಜಸ್ಟ್ ಮಾಡ್ಕೋ ಅನ್ನುವುದು ಸುಲಭ. ವಾರಕ್ಕೊಂದು ದಿನ ಅಪ್ಪನನ್ನು ತನ್ನ ಮನೆಗೆ ಕರೆಸಿಕೊಳ್ಳಲಿ, ಹೊಸ ಮನೆಗಳಲ್ಲಿ ರಿಪೇರಿ ಕೆಲಸಕ್ಕೇನು ಬರವಾ? ಕಾರು ಬೇಡ. ಟ್ರೇನು, ಬಸ್ಸಿಗೆ ಹಿರಿಯರ ಕಾರ್ಡು ಸೀನಿಯರ್ಸ್ ಮೈಕಿ ಇದ್ದರೆ ಶನಿವಾರ, ಭಾನುವಾರ ಪ್ರಯಾಣ ಪುಕ್ಕಟೆ. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಗರಾಜಿನ ವಿಷಯ ಉಳಿಯಿತು. ಇಪ್ಪತ್ತು ನಿಮಿಷ ಕೂರಿ, ತಪ್ಪೇನಿಲ್ಲ. ಆದರೆ ಅಡಗಿ ಕೂರಬೇಡಿ. 'ನನಗೆ ಹೊರಗಿನಿಂದ ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು, ಅದು ನಿಮ್ಮ ಮೇಲಿನ ಕೋಪಕ್ಕಲ್ಲ' ಅಂತ ಒಂದು ಸಲ ಹೇಳಿಬಿಡಿ. ಮೊನ್ನೆ ಅವರು ಕಿಟಕಿ ತಟ್ಟಿದ್ದು ನಿಮ್ಮನ್ನು ಹಿಡಿದುಹಾಕಲು ಅಂತ ನನಗನ್ನಿಸುವುದಿಲ್ಲ. ಕಾರು ಬಂದ ಸದ್ದು ಕೇಳಿತು, ಹೆಂಡತಿ ಒಳಗೆ ಬರಲಿಲ್ಲ. ಅವರು ಹೆದರಿರಬೇಕು.

ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಫೋನ್ ಇಟ್ಟ ಮೇಲೆ 'ಎಂ'ನಲ್ಲಿರುವ ಸಾಸಿವೆ ಡಬ್ಬಿಯನ್ನು ಒಲೆ ಪಕ್ಕಕ್ಕೆ ತಂದಿಟ್ಟುಕೊಳ್ಳಿ. ಲೇಬಲ್ ಬೇಕಾದರೆ ಹಾಗೇ ಇರಲಿ.